ಹಲ್ಲಿನಲ್ಲಿ ಉಳಿದ ಆರೈಕೆಯ ಗುರುತು

1914ರಲ್ಲಿ ಜರ್ಮನಿಯ ಬಾನ್ ನಗರದ ಪಕ್ಕದ ಓಬರ್‌ಕಾಸೆಲ್‌ ಕ್ವಾರಿಯಲ್ಲಿ ಬಸಾಲ್ಟ್ ಕಲ್ಲು ಒಡೆಯುತ್ತಿದ್ದವರಿಗೆ ಒಂದು ಹಳೆಯ ಗೋರಿ ಸಿಕ್ಕಿತು. ಅದರಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸಿನ ಅಸ್ಥಿಪಂಜರಗಳು, ಮೇಲೆ ಕೆಂಪು ಬಣ್ಣದ ಪುಡಿ. ಜೊತೆಗಿದ್ದ ಪ್ರಾಣಿಯನ್ನು ತೋಳವೆಂದು ಮೊದಲು ಭಾವಿಸಿದ್ದರು. ಅದು ನಾಯಿ ಎಂದು ತಿಳಿದದ್ದು 1970ರ ದಶಕದ ಕೊನೆಯಲ್ಲಿ. ಗೋರಿಯ ವಯಸ್ಸು ಸುಮಾರು 14,000 ವರ್ಷ. ಆಗಿನ್ನೂ ಅಲ್ಲಿ ಹೊಲವಿಲ್ಲ, ಊರಿಲ್ಲ, ಸಾಕಿದ ದನ-ಕುರಿಗಳೂ ಇಲ್ಲ.

ಆ ನಾಯಿ ಸತ್ತಾಗ ಏಳು ತಿಂಗಳೂ ತುಂಬಿರದ ಮರಿ. ಪಶುವೈದ್ಯರೂ ಪುರಾತತ್ವ ಸಂಶೋಧಕರೂ ಆದ ಲುಕ್ ಜಾನ್ಸೆನ್ಸ್ ಮತ್ತು ಸಂಗಡಿಗರು ಅದರ ಹಲ್ಲುಗಳನ್ನು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಲ್ಲಿನ ಹೊರಪದರವಾದ ಎನಾಮಲ್, ಹಲ್ಲು ಮೂಡುವ ಮೊದಲೇ ಒಸಡಿನೊಳಗೆ ಪದರ ಪದರವಾಗಿ ಕಟ್ಟಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ತೀವ್ರ ಕಾಯಿಲೆ ಬಂದರೆ ಕೆಲಸ ನಿಂತು, ಅಲ್ಲೊಂದು ತೆಳುವಾದ ಗೀರು ಬೀಳುತ್ತದೆ. ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ. ಎನಾಮಲ್ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಲಾರದು. ಹಾಗಾಗಿ ಗೀರು ಎಷ್ಟು ಎತ್ತರದಲ್ಲಿದೆ ಎಂಬುದರಿಂದ ಕಾಯಿಲೆ ಯಾವ ವಾರದಲ್ಲಿ ಬಂತೆಂದು ಲೆಕ್ಕ ಹಾಕಬಹುದು.

ಈ ಮರಿಗೆ ಸುಮಾರು ಐದನೆಯ ತಿಂಗಳಿನಲ್ಲಿ ಕಾಯಿಲೆ ಹಿಡಿದು, ಎರಡು ಸಲ ಮರುಕಳಿಸಿತ್ತು. ಲಕ್ಷಣಗಳು ಡಿಸ್ಟೆಂಪರ್‌ಗೆ ಹೊಂದುತ್ತವೆ. ಇಂದು ಸಾಕುಮರಿಗಳಿಗೆ ಲಸಿಕೆ ಹಾಕಿಸುವ ರೋಗಗಳಲ್ಲಿ ಇದೂ ಒಂದು. ಜ್ವರ, ವಾಂತಿ, ಭೇದಿಯಿಂದ ಶುರುವಾಗಿ ನರಗಳಿಗೆ ತಗಲುವ ಈ ಕಾಯಿಲೆಯಲ್ಲಿ ಯಾರೂ ನೋಡಿಕೊಳ್ಳದ ಮರಿ ಮೂರು ವಾರ ಬದುಕುವುದೂ ಕಷ್ಟ. ಇದು ಅದಕ್ಕಿಂತ ಹೆಚ್ಚು ಕಾಲ ಉಳಿದಿತ್ತು. ಬೆಚ್ಚಗಿಟ್ಟು, ನೀರು ಕುಡಿಸಿ, ಹೊಲಸು ತೊಳೆದವರು ಯಾರೋ ಇದ್ದಿರಲೇಬೇಕು ಎಂಬುದು ಸಂಶೋಧಕರ ತೀರ್ಮಾನ.

ಹಳೆಯ ಗೋರಿಗಳಲ್ಲಿ ಸಿಕ್ಕ ಪ್ರಾಣಿಗಳೆಲ್ಲ ಹೀಗೆ ಅಕ್ಕರೆಯಿಂದ ಸಾಕಿದವಲ್ಲ. ಇಸ್ರೇಲಿನ ಹಿಲಜೋನ್ ತಖ್ತಿತ್ ಗವಿಯಲ್ಲಿ ಸುಮಾರು 12,000 ವರ್ಷಗಳ ಹಿಂದೆ ಮಣ್ಣು ಮಾಡಿದ ಹೆಂಗಸಿನ ಸುತ್ತ 50ಕ್ಕೂ ಹೆಚ್ಚು ಆಮೆಗಳ ಚಿಪ್ಪು, ಹದ್ದಿನ ರೆಕ್ಕೆಯ ತುದಿ, ಚಿರತೆಯ ಸೊಂಟದ ಮೂಳೆ ಇದ್ದವು. ಆಮೆಗಳ ಮಾಂಸ ಸಾವಿನೂಟಕ್ಕೆ ಹೋಗಿತ್ತು. ಉಳಿದ ತುಂಡುಗಳನ್ನು ಆಕೆಯ ವಿಶೇಷ ಸ್ಥಾನದ ಗುರುತಾಗಿ ಇಟ್ಟಿರಬೇಕು. ಪುರಾತತ್ವಜ್ಞರು ಮೊದಲು ನೋಡುವುದು ಇದನ್ನೇ: ಪ್ರಾಣಿ ಇಡಿಯಾಗಿದೆಯೋ ಬಿಡಿಯಾಗಿದೆಯೋ, ಮೂಳೆಯ ಮೇಲೆ ಕತ್ತರಿಸಿದ ಗುರುತಿದೆಯೋ, ದೇಹವನ್ನು ಹೇಗೆ ಮಲಗಿಸಿದ್ದಾರೆ.

ಅದೇ ಇಸ್ರೇಲಿನ ಐನ್ ಮಲ್ಲಾಹದಲ್ಲಿ, ಹೆಚ್ಚುಕಡಿಮೆ ಅದೇ ಕಾಲದ ಗೋರಿಯೊಂದರಲ್ಲಿ, ವಯಸ್ಸಾದವರೊಬ್ಬರ ಕೈ ಇಡಿಯಾದ ನಾಯಿಮರಿಯೊಂದರ ಮೇಲಿದೆ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದೆ ಮನುಷ್ಯನಿಂದ 40 ಸೆಂಟಿಮೀಟರ್ ದೂರದಲ್ಲಿ ಒಂದು ಬೆಕ್ಕನ್ನು ಹೂತಿದ್ದರು. ಆ ದ್ವೀಪದಲ್ಲಿ ಮೊದಲು ಬೆಕ್ಕುಗಳೇ ಇರಲಿಲ್ಲ. ಯಾರೋ ದೋಣಿಯಲ್ಲಿ ಕರೆತಂದಿರಬೇಕು. ನಮ್ಮಲ್ಲೂ ಕಾಶ್ಮೀರದ ಬುರ್ಜಹೋಮ್‌ನ ನವಶಿಲಾಯುಗದ ನೆಲೆಯಲ್ಲಿ ಮನುಷ್ಯರ ಜೊತೆ ನಾಯಿಗಳನ್ನು ಹೂಳುತ್ತಿದ್ದರು.

ನಾಯಿಯನ್ನು ಮನುಷ್ಯ ಹತ್ತಿರ ಸೇರಿಸಿಕೊಂಡದ್ದು ಬೇಟೆಗೆ, ಕಾವಲಿಗೆ ಎಂದು ಹೇಳಿ ಮುಗಿಸುವುದು ನಮ್ಮ ರೂಢಿ. ಓಬರ್‌ಕಾಸೆಲ್‌ ಮರಿ ಬೇಟೆಗೂ ಬರಲಿಲ್ಲ, ಕಾವಲಿಗೂ ಆಗಲಿಲ್ಲ. ಅಲೆಮಾರಿ ಬದುಕಿನಲ್ಲಿ, ಚಳಿಯ ನಾಡಿನಲ್ಲಿ, ವಾಸಿಯಾಗುವ ಭರವಸೆಯಿಲ್ಲದ ಜೀವಕ್ಕೆ ಅವರು ವಾರಗಟ್ಟಲೆ ಅನ್ನ-ನೀರು ಕೊಟ್ಟರು. ಉಪಯೋಗದ ಲೆಕ್ಕ ಹಾಕದ ಪ್ರೀತಿ ಸಾಕುಪ್ರಾಣಿಗಳ ಚರಿತ್ರೆಗೆ ಆಮೇಲೆ ಸೇರಿದ್ದಲ್ಲ. ಅದು ಬೇಸಾಯಕ್ಕಿಂತಲೂ ಹಳೆಯದು.