ಒಂದೇ ಇನ್ಸುಲಿನ್, ಎರಡು ಅಳತೆ

ಮಸ್ಕತ್ತಿನ ಖುರುಂ ಮತ್ತು ಅಲ್ ಖುವೈರ್ ನಡುವಿನ ಮದೀನತ್ ಸುಲ್ತಾನ್ ಖಾಬೂಸ್, 1970ರ ದಶಕದಲ್ಲಿ ಹೊರದೇಶಗಳಿಂದ ದುಡಿಯಲು ಬಂದವರಿಗಾಗಿ ಎದ್ದ ಬಡಾವಣೆ. ಅಲ್ಲಿನವರ ಬಾಯಲ್ಲಿ ಬರೀ ‘ಎಂಕ್ಯೂ’. ಇಂಥ ಬಡಾವಣೆಯ ಕನ್ನಡದ ಮನೆಗೆ ಮಗಳ ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಲೋ ಮಂಗಳೂರಿನಿಂದ ಅಜ್ಜಿ ಬರುತ್ತಾರೆ. ಕೈಚೀಲದಲ್ಲಿ ಇನ್ಸುಲಿನ್ ಸೀಸೆ, ಸಿರಿಂಜ್ ಕಟ್ಟು, ಡಾಕ್ಟರ ಚೀಟಿ. ತಂದದ್ದು ಮುಗಿದು ಹತ್ತಿರದ ಫಾರ್ಮಸಿಯಿಂದ ಹೊಸ ಸೀಸೆ ತಂದಾಗ ತೊಡಕು ಶುರುವಾಗುತ್ತದೆ. ಔಷಧದ ಹೆಸರು ಅದೇ. ಆದರೆ ಊರಿನ ಸೀಸೆಯ ಮೇಲೆ 40 ಎಂದಿತ್ತು, ಇದರ ಮೇಲೆ 100 ಎಂದಿದೆ.

ಒಂದು ಮಿಲಿಲೀಟರಿನಲ್ಲಿ ಎಷ್ಟು ಯೂನಿಟ್ ಇನ್ಸುಲಿನ್ ಇದೆ ಎಂಬ ಲೆಕ್ಕ ಅದು. ಸಿರಿಂಜ್ ಕೂಡ ಅದಕ್ಕೆ ತಕ್ಕಂತೆ ಬೇರೆ: ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ಜೋಡಿ ತಪ್ಪಬಾರದು. ಕೆಂಪು ಮುಚ್ಚಳದ ಸಿರಿಂಜಿನಲ್ಲಿ 100ರ ಇನ್ಸುಲಿನ್ನನ್ನು 20ರ ಗೆರೆಯವರೆಗೆ ಎಳೆದರೆ ಮೈಗೆ ಸೇರುವುದು 50 ಯೂನಿಟ್. ಸಕ್ಕರೆ ಕುಸಿದು ಎಚ್ಚರ ತಪ್ಪಲು ಅಷ್ಟು ಸಾಕು. ಅದಲುಬದಲಾಗಿ 40ರದ್ದನ್ನು ಕಿತ್ತಳೆ ಮುಚ್ಚಳದ ಸಿರಿಂಜಿಗೆ ಎಳೆದರೆ 20ರ ಬದಲು ಹೋಗುವುದು ಬರೀ 8. ಸಕ್ಕರೆ ಏರುತ್ತಲೇ ಇರುತ್ತದೆ.

ಈ ಎರಡು ಸಂಖ್ಯೆಗಳು ಹುಟ್ಟಿದ ಬಗೆ ತಿಳಿಯಲು ಟೊರೊಂಟೊಗೆ ಹೋಗಬೇಕು. ಅಲ್ಲಿ 1922ರ ಜನವರಿ 11ರಂದು ಸಕ್ಕರೆ ಕಾಯಿಲೆಯ ಲಿಯೊನಾರ್ಡ್ ಥಾಂಪ್ಸನ್ ಎಂಬ 14ರ ಹುಡುಗನಿಗೆ ಸಂಶೋಧಕರಾದ ಬ್ಯಾಂಟಿಂಗ್ ಮತ್ತು ಬೆಸ್ಟ್ ತಯಾರಿಸಿದ ಇನ್ಸುಲಿನ್ ಸಾರವನ್ನು ಚುಚ್ಚಿದರು. ಹೆಚ್ಚಿನ ಗುಣ ಕಾಣಲಿಲ್ಲ. ಅವರ ಜೊತೆಗಾರ ಕಾಲಿಪ್ ಶುದ್ಧಗೊಳಿಸಿಕೊಟ್ಟದ್ದನ್ನು ಜನವರಿ 23ರಂದು ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಮರುವರ್ಷ ಮೂವರೂ ಪೇಟೆಂಟನ್ನು ತಲಾ ಒಂದು ಡಾಲರಿಗೆ ಟೊರೊಂಟೊ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು.

ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಆ ಸಾರದ ಕಸುವು ಒಂದೊಂದು ಸಲ ಒಂದೊಂದು ತೆರ. ತೂಕದಿಂದ ಅಳೆದು ಪ್ರಯೋಜನವಿರಲಿಲ್ಲ, ಪರಿಣಾಮದಿಂದಲೇ ಅಳೆಯಬೇಕಿತ್ತು. ಉಪವಾಸವಿಟ್ಟ ಎರಡು ಕಿಲೋ ತೂಕದ ಮೊಲದ ಸಕ್ಕರೆಯನ್ನು ಸೆಳವು ಬರುವ ಮಟ್ಟಕ್ಕೆ ಇಳಿಸುವಷ್ಟು ಔಷಧವನ್ನು ಒಂದು ಯೂನಿಟ್ ಎಂದರು. ರೋಗಿಗಳಿಗೆ ಅದು ತೀರ ದೊಡ್ಡದೆನಿಸಿ ಮೂರನೇ ಒಂದಕ್ಕೆ ಇಳಿಸಿದರು. ಇಂದು ಯೀಸ್ಟ್, ಬ್ಯಾಕ್ಟೀರಿಯಾಗಳಿಂದ ಇನ್ಸುಲಿನ್ ಬರುತ್ತಿದೆ. ಯೂನಿಟ್ ಮಾತ್ರ ಆ ಮೊಲದ ವಂಶದ್ದೇ.

ಮೊದಲ ಸೀಸೆಗಳು ಮಿಲಿಲೀಟರಿಗೆ 10, 20 ಯೂನಿಟ್‌ನಷ್ಟು ತೆಳುವಾಗಿದ್ದವು. ಹೆಚ್ಚು ದ್ರವ ಚುಚ್ಚಬೇಕು, ನೋವೂ ಹೆಚ್ಚು. ಶುದ್ಧೀಕರಣ ಸುಧಾರಿಸಿದಂತೆ 1920ರ ದಶಕದಲ್ಲೇ 40, 80 ಬಂದವು. ಹಲವು ಸೀಸೆ, ಹಲವು ಸಿರಿಂಜ್ ಎಂದಾಗ ಗೊಂದಲವೂ ಹಲವು. ಅದನ್ನು ತಪ್ಪಿಸಲು 1970ರ ದಶಕದಲ್ಲಿ ಅಮೆರಿಕ 100ಕ್ಕೆ ಬದಲಾಯಿತು, 1983ರಲ್ಲಿ ಬ್ರಿಟನ್. ಭಾರತದ ಸೀಸೆ 40ರಲ್ಲೇ ಉಳಿಯಿತು. ಬೆಂಗಳೂರಿನ ಬಯೋಕಾನ್ 2004ರಲ್ಲಿ ಯೀಸ್ಟಿನಿಂದ ಮಾಡಿದ ‘ಇನ್ಸುಜೆನ್’ ತಂದಾಗಲೂ ಇಲ್ಲಿನ ಅಂಗಡಿಗಳಿಗೆ ಬಂದದ್ದು 40ರ ಸೀಸೆ. ಅತ್ತ ಗ್ಲಾರ್ಜಿನ್‌ನಂಥ ಹೊಸ ಇನ್ಸುಲಿನ್ ಭಾರತದಲ್ಲೂ ಸಾಮಾನ್ಯವಾಗಿ 100ರಲ್ಲಿ ಸಿಗುತ್ತದೆ. ಹಾಗಾಗಿ ವಿಮಾನ ಹತ್ತದವರ ಮನೆಯಲ್ಲೂ ಎರಡೂ ಅಳತೆ ಇರಬಹುದು.

ಡೆನ್ಮಾರ್ಕಿನ ನೋವೊ ಕಂಪನಿ 1985ರಲ್ಲಿ ತಂದ ಪೆನ್ನು ಈ ತಲೆಬೇನೆಯನ್ನು ಬಹುಪಾಲು ನೀಗಿತು. ಭಾರತದಲ್ಲೂ ಒಮಾನಿನಲ್ಲೂ ಪೆನ್ನಿನ ಮಾಮೂಲು ಕಾರ್ಟ್ರಿಜ್ 100ರದ್ದೇ, ತಿರುಗಿಸಿದಷ್ಟು ಯೂನಿಟ್. ಅಪಾಯ ಬರುವುದು ಪೆನ್ನಿನ ಸೂಜಿ ಮುಗಿದಾಗ. ಒಂದು ಹೊತ್ತು ಸುಧಾರಿಸಿದರಾಯಿತೆಂದು ಕಾರ್ಟ್ರಿಜ್‌ನಿಂದ ಕೆಂಪು ಮುಚ್ಚಳದ ಸಿರಿಂಜಿಗೆ ಎಳೆದರೆ ಅದೇ ಎರಡೂವರೆ ಪಟ್ಟು.

ರಕ್ತದ ಸಕ್ಕರೆ ಅಳೆಯುವ ಗ್ಲುಕೋಮೀಟರಿನ ಕಥೆಯೂ ಹೀಗೆಯೇ ಕವಲೊಡೆದಿದೆ. ಅಮೆರಿಕದ ಏಮ್ಸ್ ಕಂಪನಿ 1970ರಲ್ಲಿ ತಂದ ಮೊದಲ ಮೀಟರ್ ಕಿಲೋ ಮೀರಿದ ಭಾರದ್ದು, ವೈದ್ಯರ ಮೇಜಿಗಾಗಿ ಮಾಡಿದ್ದು. ಅದು ಅಂಗೈಗೆ ಇಳಿಯುವಷ್ಟರಲ್ಲಿ ಲೋಕ ಎರಡು ಲೆಕ್ಕಗಳಲ್ಲಿ ಹಂಚಿಹೋಗಿತ್ತು. ಭಾರತದಲ್ಲಿ ಮಿಲಿಗ್ರಾಂ, ಒಮಾನಿನ ಆಸ್ಪತ್ರೆಯ ವರದಿಗಳಲ್ಲಿ ಸಾಮಾನ್ಯವಾಗಿ ಮಿಲಿಮೋಲ್. ಅಲ್ಲಿನ ಅಂಕಿಯನ್ನು 18ರಿಂದ ಗುಣಿಸಿದರೆ ನಮ್ಮದು. ಬರಿಹೊಟ್ಟೆಯಲ್ಲಿ 7 ಎಂದರೆ 126, ಸಕ್ಕರೆ ಕಾಯಿಲೆಯ ಗಡಿ. ‘4 ಬಂತು’ ಎಂದರೆ 72, ಸಕ್ಕರೆ ‘ಲೋ’ ಆಗುವ ಅಂಚು.

ಇಷ್ಟರ ಮೇಲೆ ಬಿಸಿಲು. ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ತಂಪು ಬೇಕು. ಬಳಕೆಯಲ್ಲಿರುವುದು ಹೊರಗೆ ನಾಲ್ಕು ವಾರದ ಮಟ್ಟಿಗೆ ತಾಳುತ್ತದೆ, ಆದರೆ 25–30 ಡಿಗ್ರಿ ಮೀರದಿದ್ದರೆ ಮಾತ್ರ. ಮಸ್ಕತ್ತಿನ ಆಗ್ನೇಯಕ್ಕಿರುವ ಕುರಿಯಾತ್‌ನಲ್ಲಿ 2018ರ ಜೂನ್ 26ರಂದು ಇಡೀ ದಿನದ ಕನಿಷ್ಠ ಉಷ್ಣಾಂಶವೇ 42.6 ಡಿಗ್ರಿ. ನಮ್ಮ ಹಳ್ಳಿಗಳಲ್ಲಿ ಕರೆಂಟ್ ಹೋದರೆ ಸೀಸೆಯನ್ನು ಒದ್ದೆ ಮಡಕೆಯಲ್ಲಿಟ್ಟು ಕಾಯುತ್ತಾರೆ. ನೀರು ಆವಿಯಾಗುತ್ತ ತಂಪು ಕೊಡುವ ಈ ಉಪಾಯ ಒಣಹವೆಯ ನಿಜ್ವಾದಲ್ಲಿ ನಡೆದೀತು. ಬೇಸಿಗೆಯಲ್ಲೂ ಜಿಗುಟು ಸೆಕೆಯ ಮಸ್ಕತ್ತಿನ ಕರಾವಳಿಯಲ್ಲಿ ಅಷ್ಟು ಫಲಿಸದು. ಅಲ್ಲಿ ಫ್ರಿಜ್ಜೇ ಗತಿ. ಅದರಲ್ಲೂ ಐಸ್ ಕಟ್ಟುವ ಖಾನೆಯಿಂದ ದೂರ, ಯಾಕೆಂದರೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಎಸೆಯಬೇಕಾದದ್ದೇ. ನಿಲ್ಲಿಸಿದ ಕಾರಿನಲ್ಲಿ ಮರೆಯುವಂತಿಲ್ಲ, ವಿಮಾನದಲ್ಲಿ ಲಗೇಜಿಗೆ ಹಾಕುವಂತೆಯೂ ಇಲ್ಲ.

ಹಾಗಾಗಿ ಹೊರಡುವ ಮುನ್ನ ಡಾಕ್ಟರ ಚೀಟಿಯಲ್ಲಿ ಬರೀ ‘ಇನ್ಸುಲಿನ್, 20’ ಎಂದಿದ್ದರೆ ಸಾಲದು. ಔಷಧದ ಪೂರ್ತಿ ಹೆಸರು, 40ರದ್ದೋ 100ರದ್ದೋ, ಯಾವ ಹೊತ್ತಿಗೆ ಎಷ್ಟು ಯೂನಿಟ್, ಮೀಟರ್ ಯಾವ ಲೆಕ್ಕದ್ದು ಎಂಬುದೂ ಇರಬೇಕು. ಹೊಸ ಸೀಸೆ ಕೊಂಡರೆ ಅದರ ಸಿರಿಂಜನ್ನೂ ಅದೇ ಅಂಗಡಿಯಲ್ಲಿ ಕೊಳ್ಳಬೇಕು. ಊರಿನ ಸಿರಿಂಜ್ ಎಷ್ಟೇ ಉಳಿದಿದ್ದರೂ ಊರಿನ ಸೀಸೆಗೇ ಮೀಸಲು. ನೂರು ವರ್ಷದಲ್ಲಿ ಔಷಧ ಎಲ್ಲ ದೇಶಗಳನ್ನೂ ಮುಟ್ಟಿದೆ. ಅಳತೆಗಳನ್ನು ಹೊಂದಿಸುವ ಕೆಲಸ ಮಾತ್ರ ಇನ್ನೂ ಮನೆಮಂದಿಯ ಪಾಲಿಗೇ ಉಳಿದಿದೆ.