ಬಾಲದಡಿಯ ಮೆಟ್ಟಿಲು: ಕೂಪರನ ಕತೆಯಲ್ಲಿ ನಿಜವೆಷ್ಟು?

1971ರ ನವೆಂಬರ್ 24ರ ರಾತ್ರಿ ಹತ್ತು ದಾಟಿದ ಮೇಲೆ ಅಮೆರಿಕದ ರೀನೊ ನಿಲ್ದಾಣದಲ್ಲಿ ಒಂದು ಬೋಯಿಂಗ್ 727 ಇಳಿಯಿತು. ಬಾಲದಡಿಯ ಮೆಟ್ಟಿಲು ತೆರೆದೇ ಇತ್ತು. ವಿಮಾನವನ್ನು ಅಪಹರಿಸಿದವನು ಒಳಗಿರಲಿಲ್ಲ. ಅವನಿಗೆ ಕೊಟ್ಟಿದ್ದ 2 ಲಕ್ಷ ಡಾಲರೂ ಇರಲಿಲ್ಲ.

ಅಂದು ಮಧ್ಯಾಹ್ನ ನಾರ್ತ್‌ವೆಸ್ಟ್ ಓರಿಯಂಟ್ ಕಂಪನಿಯ 305ನೇ ವಿಮಾನ ಪೋರ್ಟ್‌ಲ್ಯಾಂಡ್‌ನಿಂದ ಸಿಯಾಟಲ್‌ಗೆ ಹೊರಟಿತ್ತು. ಸೂಟು, ಕಪ್ಪು ಟೈ ತೊಟ್ಟ ಒಬ್ಬ ಪ್ರಯಾಣಿಕ ಗಗನಸಖಿಯ ಕೈಗೆ ಚೀಟಿಯೊಂದನ್ನು ಕೊಟ್ಟ. ಬ್ರೀಫ್‌ಕೇಸ್ ಸ್ವಲ್ಪ ತೆರೆದು ಕೆಂಪು ಕೊಳವೆಗಳನ್ನೂ ತಂತಿಗಳನ್ನೂ ತೋರಿಸಿದ. ಸಿಯಾಟಲ್‌ನಲ್ಲಿ ಹಣ ಮತ್ತು 4 ಪ್ಯಾರಾಚೂಟ್ ಪಡೆದು 36 ಪ್ರಯಾಣಿಕರನ್ನು ಬಿಟ್ಟುಕೊಟ್ಟ. ಮೆಕ್ಸಿಕೊ ಕಡೆ ಹಾರಿಸಿ ಎಂದ. ದಾರಿಯಲ್ಲೇ ಎಲ್ಲೋ ಕತ್ತಲಿಗೆ ಧುಮುಕಿದ. ಅವನು ಯಾರೆಂಬುದು ಇವತ್ತಿಗೂ ಗೊತ್ತಾಗಿಲ್ಲ.

ಅಲ್ಲಿಂದಾಚೆ ಪುಸ್ತಕ, ಸಿನಿಮಾ, ಸಾಕ್ಷ್ಯಚಿತ್ರ ಎಲ್ಲವೂ ಆ ಮನುಷ್ಯನ ಬೆನ್ನು ಹತ್ತಿವೆ. ಮೆಟ್ಟಿಲಿನ ಗೋಜಿಗೆ ಹೋದವರು ಕಡಿಮೆ. ನನಗಂತೂ ಕತೆಯ ನಿಜವಾದ ಪಾತ್ರಧಾರಿ ಅದೇ ಅನ್ನಿಸುತ್ತದೆ. ಸುತ್ತ ಬೆಳೆದ ತಪ್ಪು ಕಲ್ಪನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅದನ್ನು ಸರಿಯಾಗಿ ನೋಡದ್ದರಿಂದಲೇ ಹುಟ್ಟಿದವು.

ತಪ್ಪು ಕಲ್ಪನೆ: ಅಪಹರಣಕಾರನ ಹೆಸರು ಡಿ.ಬಿ. ಕೂಪರ್.

ಟಿಕೆಟ್ ಮೇಲಿದ್ದದ್ದು ‘ಡ್ಯಾನ್ ಕೂಪರ್’. ಅದೂ ಅವನ ಸ್ವಂತ ಹೆಸರಾಗಿರಲಿಕ್ಕಿಲ್ಲ. ಪೊಲೀಸರು ಅದೇ ರಾತ್ರಿ ಪೋರ್ಟ್‌ಲ್ಯಾಂಡಿನ ಡಿ.ಬಿ. ಕೂಪರ್ ಎಂಬ ಬೇರೊಬ್ಬನನ್ನು ವಿಚಾರಿಸಿ, ಸಂಬಂಧವಿಲ್ಲವೆಂದು ಕೈಬಿಟ್ಟರು. ಸುದ್ದಿ ಕಳಿಸುವ ಅವಸರದಲ್ಲಿ ಎರಡು ಹೆಸರೂ ಕಲಸಿಹೋದವು. ಪತ್ರಿಕೆಯವರ ಆ ತಪ್ಪೇ ಶಾಶ್ವತವಾಗಿ ಉಳಿಯಿತು. ಅಂದಹಾಗೆ, ಡ್ಯಾನ್ ಕೂಪರ್ ಎಂಬುದು ಫ್ರೆಂಚ್ ಭಾಷೆಯ ಒಂದು ಚಿತ್ರಕಥಾ ಮಾಲೆಯ ನಾಯಕನ ಹೆಸರು. ಅವನು ಕೆನಡಾ ವಾಯುಪಡೆಯ ಪೈಲಟ್.

ತಪ್ಪು ಕಲ್ಪನೆ: ವಿಮಾನದೊಳಗೇ ಮೆಟ್ಟಿಲು ಇಡುವ ಉಪಾಯ 727ರಿಂದ ಶುರುವಾಯಿತು.

ಇಲ್ಲ. ಎರಡನೇ ಮಹಾಯುದ್ಧ ಮುಗಿದ ಕೂಡಲೇ ಬಂದ ಪ್ರೊಪೆಲರ್ ವಿಮಾನಗಳಲ್ಲೇ ಅದಿತ್ತು. 1947ರಲ್ಲಿ ಸೇವೆಗೆ ಬಂದ ಮಾರ್ಟಿನ್ 2-0-2ಕ್ಕೆ ಬಾಲದಡಿಯಲ್ಲಿ ಮೆಟ್ಟಿಲಿತ್ತು. ಮರುವರ್ಷದ ಕಾನ್ವೇರ್ 240ಕ್ಕೂ ಸ್ವಂತ ಮೆಟ್ಟಿಲು. ಮಾರ್ಟಿನ್ 2-0-2ನ್ನು ಮೊದಲು ಹಾರಿಸಿದ್ದು ಯಾವ ಕಂಪನಿ ಗೊತ್ತೇ? ಇದೇ ನಾರ್ತ್‌ವೆಸ್ಟ್. ಜೆಟ್ ಯುಗದಲ್ಲಿ ಫ್ರಾನ್ಸಿನ ಕ್ಯಾರವೆಲ್ ಇದೇ ದಾರಿ ಹಿಡಿಯಿತು. 1964ರಿಂದ ಇಂಡಿಯನ್ ಏರ್‌ಲೈನ್ಸ್‌ನಲ್ಲೂ ಕ್ಯಾರವೆಲ್ ಹಾರಿದ್ದರಿಂದ, ಬಾಲದ ಹೊಟ್ಟೆಯಿಂದ ಇಳಿಯುವ ಅನುಭವ ನಮ್ಮ ಹಿರಿಯ ಪ್ರಯಾಣಿಕರಿಗೂ ಹೊಸದಲ್ಲ.

ಎಲ್ಲದರ ಹಿಂದಿದ್ದದ್ದು ಉಳಿತಾಯದ ಲೆಕ್ಕ. ಚಿಕ್ಕ ಊರಿನ ನಿಲ್ದಾಣದಲ್ಲಿ ಮೆಟ್ಟಿಲಿನ ಗಾಡಿ ಇರುತ್ತದೆಂಬ ಖಾತ್ರಿಯಿಲ್ಲ. ಇದ್ದರೂ ಅದನ್ನು ತಳ್ಳಿತಂದು ಹೊಂದಿಸುವಷ್ಟರಲ್ಲಿ ಹೊತ್ತು ಹೋಗುತ್ತದೆ. ದಿನಕ್ಕೆ ಹತ್ತಾರು ಕಡೆ ಇಳಿದು ಏರುವ ವಿಮಾನಕ್ಕೆ ಪ್ರತಿ ನಿಮಿಷವೂ ದುಡ್ಡು. 727 ರೂಪುಗೊಂಡದ್ದೇ ಇಂಥ ನಿಲ್ದಾಣಗಳಿಗಾಗಿ. ಚಿಕ್ಕ ರನ್‌ವೇ ಸಾಕು; ನೆಲದಲ್ಲಿ ನಿಂತಾಗ ವಿದ್ಯುತ್ತಿಗೂ ಗಾಳಿಗೂ ಯಾರನ್ನೂ ಕೇಳಬೇಕಿಲ್ಲ, ಒಡಲಲ್ಲೇ ಪುಟ್ಟ ಟರ್ಬೈನ್ ಇದೆ. ಮೂರೂ ಎಂಜಿನ್ ಹಿಂದಿರುವುದರಿಂದ ಬಾಲ ಭಾರ. ಮುಂದಿನ ಭಾಗ ಖಾಲಿಯಾದರೆ ಮೂಗೆತ್ತಿ ಕೂತುಬಿಡುವ ಭಯವಿತ್ತು. ಇಳಿಬಿಟ್ಟ ಮೆಟ್ಟಿಲೇ ಬಾಲಕ್ಕೆ ಊರುಗೋಲೂ ಆಯಿತು.

ತಪ್ಪು ಕಲ್ಪನೆ: ಸಿನಿಮಾದಲ್ಲಿ ತೋರಿಸುವಂತೆ ಯಾವ ವಿಮಾನದಿಂದಲಾದರೂ ಬಾಗಿಲು ತೆಗೆದು ಹಾರಬಹುದು.

ದೊಡ್ಡ ಪ್ರಯಾಣಿಕ ವಿಮಾನದ ಬಾಗಿಲು ಬಾಟಲಿಯ ಬಿರಡೆ ಇದ್ದ ಹಾಗೆ. ಒಳಗಿನ ಗಾಳಿಯ ಒತ್ತಡವೇ ಅದನ್ನು ಚೌಕಟ್ಟಿಗೆ ಒತ್ತಿ ಹಿಡಿದಿರುತ್ತದೆ. ಮೂವತ್ತು ಸಾವಿರ ಅಡಿಯಲ್ಲಿ ಮನುಷ್ಯನ ತೋಳ್ಬಲಕ್ಕೆ ಅದು ಜಗ್ಗುವುದಿಲ್ಲ. ಒತ್ತಡ ಇಳಿಸಿ ಹೇಗೋ ತೆರೆದರೂ ಪಕ್ಕದ ಬಾಗಿಲಿನಿಂದ ಹಾರಿದವನಿಗೆ ರೆಕ್ಕೆಯೋ ಎಂಜಿನ್ನೋ ಬಾಲದ ಅಂಚೋ ಬಡಿಯುವ ಅಪಾಯ.

ಕೂಪರ್ ಇಟ್ಟ ಷರತ್ತುಗಳನ್ನು ಈ ಬೆಳಕಿನಲ್ಲಿ ಓದಬೇಕು. 10,000 ಅಡಿಗಿಂತ ಮೇಲೇರಬಾರದು. ಕ್ಯಾಬಿನ್‌ನಲ್ಲಿ ಒತ್ತಡ ತುಂಬಬಾರದು. ಚಕ್ರ ಕೆಳಗೇ ಇರಲಿ, ಫ್ಲ್ಯಾಪ್ 15 ಡಿಗ್ರಿಗೆ ಇಳಿಸಿರಲಿ, ವೇಗ ಆದಷ್ಟು ಕಡಿಮೆಯಿರಲಿ. 10,000 ಅಡಿಯಲ್ಲಿ ಆಮ್ಲಜನಕದ ಮುಖವಾಡವಿಲ್ಲದೆ ಉಸಿರಾಡಬಹುದು. 727ರ ಮೆಟ್ಟಿಲಿನ ಗೂಡು ಕ್ಯಾಬಿನ್ನಿನ ಹಿಂಗೋಡೆಯ ಬಾಗಿಲಿನಾಚೆ, ಒತ್ತಡದ ಕೋಣೆಯ ಹೊರಗಿದೆ. ಒತ್ತಡವಿಲ್ಲದಿದ್ದರೆ ಆ ಬಾಗಿಲು ಸಲೀಸಾಗಿ ತೆರೆಯುತ್ತದೆ. ಮೆಟ್ಟಿಲಿನಿಂದ ಹಾರಿದವನು ಮೂರೂ ಎಂಜಿನ್‌ಗಳ ಕೆಳಗೆ, ಯಾವುದಕ್ಕೂ ತಗಲದಂತೆ ಬೀಳುತ್ತಾನೆ. ಇಷ್ಟೆಲ್ಲ ಒಟ್ಟಿಗೆ ಒದಗಿಸುವ ಪ್ರಯಾಣಿಕ ವಿಮಾನಗಳು ಆಗ ಕೆಲವೇ ಇದ್ದವು.

ತಪ್ಪು ಕಲ್ಪನೆ: ಗುಂಡಿ ಒತ್ತಿದ, ಮೆಟ್ಟಿಲು ಪೂರ್ತಿ ಬಿಚ್ಚಿಕೊಂಡಿತು, ಇಳಿದುಹೋದ.

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಮೊದಲಿಗೆ ಕೂಪರ್ ಕೇಳಿದ್ದು ಮೆಟ್ಟಿಲು ಇಳಿಬಿಟ್ಟೇ ನೆಲ ಬಿಡಬೇಕೆಂದು. ಅದು ಅಪಾಯವೆಂದು ಕಂಪನಿ ಒಪ್ಪಲಿಲ್ಲ. ಅವನೂ ಹಟ ಹಿಡಿಯಲಿಲ್ಲ. ಹಾರಿದ ಮೇಲೆ ತಾನೇ ಇಳಿಸಿಕೊಳ್ಳುತ್ತೇನೆ ಎಂದ. ಆಕಾಶದಲ್ಲಿ ಅದನ್ನು ಇಳಿಸುವ ಸಂದರ್ಭವೇ ಬಾರದೆಂದು ಎಲ್ಲರೂ ಎಣಿಸಿದ್ದರಿಂದ, ಅದನ್ನು ಕಾಕ್‌ಪಿಟ್‌ನಿಂದ ತಡೆಯುವ ಏರ್ಪಾಡೇ ಇರಲಿಲ್ಲ. ಉಳಿದಿದ್ದ ಒಬ್ಬಳೇ ಗಗನಸಖಿ ಟೀನಾ ಮಕ್ಲೊ ಅವರನ್ನು ಅವನು ಮುಂದಕ್ಕೆ ಕಳಿಸಿದ. ಎಂಟು ಗಂಟೆಯ ಸುಮಾರಿಗೆ ಕಾಕ್‌ಪಿಟ್‌ನಲ್ಲಿ ಎಚ್ಚರಿಕೆಯ ದೀಪ ಹೊತ್ತಿತು. ಸಹಾಯ ಬೇಕೇ ಎಂದು ಒಳಫೋನಿನಲ್ಲಿ ಕೇಳಿದರೆ, ಬೇಡ ಎಂಬ ಉತ್ತರ ಬಂತು.

ಆದರೆ ಹಾರುವ ವಿಮಾನದ ಮೆಟ್ಟಿಲು ಪೂರ್ತಿ ಇಳಿಯುವುದಿಲ್ಲ. ಕೆಳಗಿನಿಂದ ನುಗ್ಗುವ ಗಾಳಿ ಅದನ್ನು ಮೇಲಕ್ಕೇ ಒತ್ತುತ್ತಿರುತ್ತದೆ. ಅದು ಅರೆತೆರೆದು ತೂಗಾಡುತ್ತದೆ. ಮನುಷ್ಯ ಒಂದೊಂದೇ ಮೆಟ್ಟಿಲು ಇಳಿದಂತೆ ಅವನ ಭಾರಕ್ಕೆ ಅದು ಬಗ್ಗುತ್ತದೆ. ಅವನು ಹಾರಿದ ಕ್ಷಣವೇ ಭಾರ ಹೋಗಿ, ರಪ್ಪನೆ ಮೇಲಕ್ಕೆ ಚಿಮ್ಮುತ್ತದೆ. ರಾತ್ರಿ 8 ಗಂಟೆ 13 ನಿಮಿಷದ ಹೊತ್ತಿಗೆ ಬಾಲ ಒಮ್ಮೆಲೇ ಮೇಲಕ್ಕೆ ಕುಲುಕಿದ್ದು ಸಿಬ್ಬಂದಿಯ ಗಮನಕ್ಕೆ ಬಂತು. ಮುಂದೆ ಎಫ್‌ಬಿಐ ಅದೇ ವಿಮಾನವನ್ನು ಅದೇ ಸ್ಥಿತಿಯಲ್ಲಿ ಹಾರಿಸಿ, ಸುಮಾರು 90 ಕಿಲೊ ತೂಕವನ್ನು ಮೆಟ್ಟಿಲಿನಿಂದ ತಳ್ಳಿ ನೋಡಿತು. ಅದೇ ಕುಲುಕು! ಅವನು ಹಾರಿದ ಹೊತ್ತನ್ನು ಅಂದಾಜು ಮಾಡಿದ್ದು ಕಣ್ಣಾರೆ ಕಂಡವರ ಮಾತಿನಿಂದಲ್ಲ. ಮೆಟ್ಟಿಲು ನುಡಿದ ಸಾಕ್ಷಿಯಿಂದ. ಆ ಕ್ಷಣ ವಿಮಾನ ವಾಷಿಂಗ್ಟನ್ ರಾಜ್ಯದ ಯಾವ ಕಾಡಿನ ಮೇಲಿತ್ತೆಂಬ ಲೆಕ್ಕವೆಲ್ಲ ನಿಂತಿರುವುದು ಅದರ ಮೇಲೇ. 1978ರಲ್ಲಿ ಆ ರಾಜ್ಯದ ಕ್ಯಾಸಲ್ ರಾಕ್ ಬಳಿ ಬೇಟೆಗಾರನೊಬ್ಬನಿಗೆ 727ರ ಹಿಂದಿನ ಮೆಟ್ಟಿಲು ಇಳಿಸುವ ಸೂಚನೆಗಳಿದ್ದ ಫಲಕವೂ ಸಿಕ್ಕಿತು.

ತಪ್ಪು ಕಲ್ಪನೆ: ಅವನು ಪಳಗಿದ ಪ್ಯಾರಾಚೂಟ್ ಯೋಧ.

ವಿಮಾನದ ಬಗ್ಗೆ ಅವನಿಗೆ ಚೆನ್ನಾಗಿ ಗೊತ್ತಿತ್ತು, ಅದು ಒಪ್ಪಬೇಕಾದ ಮಾತು. ಪ್ಯಾರಾಚೂಟಿನ ಬಗ್ಗೆ ಹಾಗೆ ಹೇಳಲಾಗದು. ಕೊಟ್ಟಿದ್ದ ಮೀಸಲು ಪ್ಯಾರಾಚೂಟ್‌ಗಳಲ್ಲಿ ಒಂದು ತರಗತಿಯಲ್ಲಿ ತೋರಿಸಲು ಇಟ್ಟದ್ದು, ಹೊಲಿದು ಮುಚ್ಚಿದ್ದು, ತೆರೆದುಕೊಳ್ಳದ್ದು. ಅದು ಅಕಸ್ಮಾತ್ ಬಂದುಬಿಟ್ಟಿತ್ತು. ವಿಮಾನದಲ್ಲಿ ಉಳಿದವುಗಳಲ್ಲಿ ಅದಿರಲಿಲ್ಲ. ಕೂಪರ್ ಅದನ್ನೇ ಒಯ್ದಿದ್ದ. ಪಳಗಿದ ಕೈ ಒಮ್ಮೆ ತಡವಿದರೂ ಗೊತ್ತಾಗುವ ವ್ಯತ್ಯಾಸ ಅದು. ರಾತ್ರಿ, ಮಳೆ, ಕೆಳಗೆ ಕಾಡು, ಮೈಮೇಲೆ ಆಫೀಸಿನ ಉಡುಪು. ಎಫ್‌ಬಿಐ ತನಿಖಾಧಿಕಾರಿಗಳು ಕೊನೆಕೊನೆಗೆ ಅವನು ಬದುಕಿರಲಾರ ಎಂಬ ಅಭಿಪ್ರಾಯಕ್ಕೇ ವಾಲಿದರು. 1980ರಲ್ಲಿ ಕೊಲಂಬಿಯಾ ನದಿಯ ದಂಡೆಯ ಮರಳಿನಲ್ಲಿ 8 ವರ್ಷದ ಹುಡುಗನಿಗೆ ಸಿಕ್ಕ 5,800 ಡಾಲರಿನ ನೋಟುಗಳು ಆ ಹಣದವೇ. ಉಳಿದದ್ದರ ಸುಳಿವಿಲ್ಲ.

ತಪ್ಪು ಕಲ್ಪನೆ: ಹಾಗಾದರೆ ಆ ಮೆಟ್ಟಿಲಿನಿಂದ ಹಾರಿದವರು ಯಾರೂ ಉಳಿಯುವುದಿಲ್ಲ.

ಉಳಿದಿದ್ದಾರೆ. 1972ರ ಜನವರಿಯಲ್ಲಿ ರಿಚರ್ಡ್ ಲಾಪಾಯಿಂಟ್ ಎಂಬವನು ಬಾಲದಲ್ಲಿ ಮೆಟ್ಟಿಲಿರುವ ಇನ್ನೊಂದು ವಿಮಾನವಾದ ಡಿಸಿ-9ನ್ನು ಅಪಹರಿಸಿ, ಕೊಲರಾಡೊದ ಮೇಲೆ ಹಾರಿದ, ಜೀವಂತ ಸಿಕ್ಕಿಬಿದ್ದ. ಏಪ್ರಿಲ್‌ನಲ್ಲಿ ರಿಚರ್ಡ್ ಮೆಕಾಯ್ 5 ಲಕ್ಷ ಡಾಲರ್ ಹೊತ್ತು ಯೂಟಾದ ಮೇಲೆ 727ರಿಂದ ಧುಮುಕಿದ, ಅವನೂ ಸೆರೆಯಾದ. ಆ ವರ್ಷವಿಡೀ ಅನುಕರಣೆಯ ಹಾವಳಿ. ಜಿಗಿತ ಸಾಧ್ಯವೆಂದು ಈ ನಕಲುಗಾರರು ತೋರಿಸಿಕೊಟ್ಟರು, ತಪ್ಪಿಸಿಕೊಳ್ಳುವುದು ಮಾತ್ರ ಇವರಿಗೆ ಆಗಲಿಲ್ಲ. 2012ರಲ್ಲಿ ಮೆಕ್ಸಿಕೊದ ಮರುಭೂಮಿಯಲ್ಲಿ ಟಿವಿ ಕಾರ್ಯಕ್ರಮವೊಂದಕ್ಕಾಗಿ 727 ಒಂದನ್ನು ಬೇಕೆಂದೇ ಅಪ್ಪಳಿಸಿದಾಗ, ಅದರ ಸಿಬ್ಬಂದಿ ಪಾರಾದದ್ದೂ ಈ ಮೆಟ್ಟಿಲಿನಿಂದ ಧುಮುಕಿಯೇ.

ತಪ್ಪು ಕಲ್ಪನೆ: ಕೂಪರ್ ನಂತರ ಇಂಥ ಮೆಟ್ಟಿಲುಗಳನ್ನು ನಿಷೇಧಿಸಿದರು.

ನಿಷೇಧಿಸಲಿಲ್ಲ, ಒಂದು ಅಗುಳಿ ಹಾಕಿದರು. ಹೊರಮೈಗೆ, ಮೆಟ್ಟಿಲಿನ ಪಕ್ಕದಲ್ಲಿ, ಸ್ಪ್ರಿಂಗ್ ಹಾಕಿದ ಅಂಗೈಯಗಲದ ಒಂದು ರೆಕ್ಕೆ; ಅದಕ್ಕೆ ಅಂಟಿದ ಒಂದು ತಗಡು. ನೆಲದಲ್ಲಿದ್ದಾಗ ಸ್ಪ್ರಿಂಗ್ ತಗಡನ್ನು ಪಕ್ಕಕ್ಕೆ ಸರಿಸಿಟ್ಟಿರುತ್ತದೆ. ವಿಮಾನ ವೇಗ ಪಡೆದಾಗ ಗಾಳಿಯೇ ರೆಕ್ಕೆಯನ್ನು ತಿರುಗಿಸುತ್ತದೆ, ತಗಡು ಮೆಟ್ಟಿಲಿನ ಅಂಚಿನಡಿ ಬಂದು ಅಡ್ಡ ನಿಲ್ಲುತ್ತದೆ. ವಿದ್ಯುತ್ತಿಲ್ಲ, ಗುಂಡಿಯಿಲ್ಲ, ಯಾರೂ ನೆನಪಿಟ್ಟುಕೊಳ್ಳಬೇಕಿಲ್ಲ. ಹಳ್ಳಿಯ ಬಡಗಿಯೊಬ್ಬ ತಲೆದೂಗುವಂಥ ಕೆಲಸ. ಇದರ ಹೆಸರು ‘ಕೂಪರ್ ವೇನ್’. ಕಳ್ಳನ ಹೆಸರು ಬೀಗಕ್ಕೆ ಅಂಟಿಕೊಂಡ ಅಪರೂಪದ ಉದಾಹರಣೆ. ಇದನ್ನು ಕಟ್ಟಿಕೊಂಡೇ 727 ದಶಕಗಳ ಕಾಲ ಹಾರಿತು. 1984ರವರೆಗೆ ಒಟ್ಟು 1,832 ತಯಾರಾದವು.

ತಪ್ಪು ಕಲ್ಪನೆ: ವಿಮಾನ ನಿಲ್ದಾಣದ ತಪಾಸಣೆ ಬಂದದ್ದು ಕೂಪರನಿಂದ.

ಅವನದೂ ಒಂದು ಪಾಲು, ಅಷ್ಟೇ. ಅಮೆರಿಕದಲ್ಲಿ ಎಲ್ಲ ಪ್ರಯಾಣಿಕರ ತಪಾಸಣೆ ಕಡ್ಡಾಯವಾದದ್ದು 1973ರ ಜನವರಿ 5ರಿಂದ. 1972ರ ನವೆಂಬರ್‌ನಲ್ಲಿ ಸದರ್ನ್ ಏರ್‌ವೇಸ್‌ನ ವಿಮಾನ ಅಪಹರಿಸಿದವರು ಅದನ್ನು ಓಕ್ ರಿಡ್ಜ್ ಅಣುಕೇಂದ್ರಕ್ಕೆ ಅಪ್ಪಳಿಸುವ ಬೆದರಿಕೆ ಹಾಕಿದ್ದೇ ಸರ್ಕಾರವನ್ನು ಬೆಚ್ಚಿಬೀಳಿಸಿತು.

ತಪ್ಪು ಕಲ್ಪನೆ: ಒಳಮೆಟ್ಟಿಲುಗಳು ಈಗ ಇಲ್ಲವೇ ಇಲ್ಲ.

ದೊಡ್ಡ ನಿಲ್ದಾಣಗಳಿಗೆ ಏರೋಬ್ರಿಡ್ಜ್ ಬಂದ ಮೇಲೆ ಮೆಟ್ಟಿಲು ಹೊತ್ತು ತಿರುಗುವುದು ನಷ್ಟದ ಬಾಬ್ತಾಯಿತು: ಬಳಸಲಿ ಬಿಡಲಿ, ಅದರ ಭಾರಕ್ಕೆ ಪ್ರತಿ ಹಾರಾಟದಲ್ಲೂ ಇಂಧನ ಸುಡಬೇಕು. ಉಳಿತಾಯಕ್ಕೆಂದು ಬಂದದ್ದು ಉಳಿತಾಯಕ್ಕೆಂದೇ ಹೋಯಿತು. ಆದರೂ ಪೂರ್ತಿ ಹೋಗಿಲ್ಲ. ರಯಾನ್‌ಏರ್‌ನ 737ಗಳಲ್ಲಿ ಮುಂಬಾಗಿಲಿನಡಿ ಮಡಚಿಟ್ಟ ಮೆಟ್ಟಿಲಿದೆ. ಅಮೆರಿಕ ಅಧ್ಯಕ್ಷರ 747ಕ್ಕೂ ಕೆಳ ಅಂತಸ್ತಿನಲ್ಲಿ ಸ್ವಂತ ಮೆಟ್ಟಿಲಿದೆ. ಮೈಸೂರಿನ ಮಂಡಕಳ್ಳಿಯಲ್ಲಿ ಎಟಿಆರ್ 72 ಹತ್ತಿದವರು ಕಾಲಿಟ್ಟದ್ದೂ ಅಂಥದ್ದರ ಮೇಲೇ; ಹಿಂಬದಿಯ ಬಾಗಿಲೇ ಹೊರಕ್ಕೆ ಮಗುಚಿ ಮೆಟ್ಟಿಲಾಗುತ್ತದೆ. ಅದು ಬಾಲದ ಹೊಟ್ಟೆಯಲ್ಲಿಲ್ಲ, ಎಡಪಕ್ಕದಲ್ಲಿದೆ. ಇಳಿಯುವಾಗ ಹಿಂದಕ್ಕೊಮ್ಮೆ ಕಣ್ಣು ಹಾಯಿಸಿದರೆ, ವಿಮಾನ ಹಿಂದಕ್ಕೆ ವಾಲದಿರಲೆಂದು ಸಿಬ್ಬಂದಿ ಬಾಲದಡಿ ಊರಿಟ್ಟ ಕೋಲು ಕಾಣಬಹುದು. 727ರಲ್ಲಿ ಆ ಕೆಲಸವನ್ನೂ ಮೆಟ್ಟಿಲೇ ಮಾಡುತ್ತಿತ್ತು.