ಲಕ್ವದ ನಂತರ ಮರಳಿ ನಿಲ್ಲುವ ಸಾಧನೆ

ಲಕ್ವ ಹೊಡೆದವರು ಆಸ್ಪತ್ರೆಯಿಂದ ಮರಳಿದೊಡನೆ ಚಿಕಿತ್ಸೆ ಮುಗಿಯಿತೆಂದು ಮನೆಯವರು ಭಾವಿಸುವುದು ಸಹಜ. ವಾಸ್ತವವಾಗಿ ಅದರ ದೀರ್ಘ ಭಾಗ ಆರಂಭವಾಗುವುದೇ ಆಗ. ಮಿದುಳಿನ ರಕ್ತನಾಳ ಕಟ್ಟಿಕೊಂಡಾಗ ಅಥವಾ ಒಡೆದಾಗ ದೇಹದ ಒಂದು ಮಗ್ಗುಲು ಸೋಲುತ್ತದೆ. ನಿಂತರೆ ಭಾರವೆಲ್ಲ ಗಟ್ಟಿ ಕಾಲಿನ ಮೇಲೆಯೇ ಬೀಳುತ್ತದೆ. ಒಮ್ಮೆ ಬಿದ್ದವರು ಭಯದಿಂದ ನಡೆಯುವುದನ್ನೇ ಬಿಡುತ್ತಾರೆ. ನಡೆಯದ ಕಾಲು ಇನ್ನಷ್ಟು ಸೋಲುತ್ತದೆ.

ಕಲ್ಹೇರ್ ಸುತ್ತಲಿನ ಹಳ್ಳಿಗಳಿಂದ ಇಂತಹ ರೋಗಿಯನ್ನು ಸಂಗಾರೆಡ್ಡಿಗೋ ಬೀದರಿಗೋ ಮೇಲಿಂದ ಮೇಲೆ ಕರೆದೊಯ್ಯುವುದು ಸುಲಭವಲ್ಲ. ಆದುದರಿಂದ ಮನೆಯಲ್ಲಿ ನಡೆಯುವ ಅಭ್ಯಾಸಕ್ಕೆ ಹೆಚ್ಚಿನ ಬೆಲೆಯಿದೆ. ಯೋಗವು ಅದಕ್ಕೆ ನೆರವಾಗಬಲ್ಲದೆ?

ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಲಕ್ವವಾಗಿ ಆರು ತಿಂಗಳಿಗೂ ಹೆಚ್ಚು ಕಾಲ ಕಳೆದಿದ್ದ 47 ಮಂದಿ ಭಾಗವಹಿಸಿದ್ದರು. ಅವರಲ್ಲಿ 37 ಮಂದಿಗೆ ವಾರಕ್ಕೆ ಎರಡು ಬಾರಿಯಂತೆ ಎಂಟು ವಾರ, ಅವರವರ ಶಕ್ತಿಗೆ ಹೊಂದಿಸಿದ ಯೋಗವನ್ನು ಕಲಿಸಲಾಯಿತು. ಆರಂಭಕ್ಕಿಂತ ಅವರ ಸಮತೋಲನ ಸುಧಾರಿಸಿತು. ಬೀಳುವ ಭಯವೂ ತಗ್ಗಿತು. ಆದರೆ 2017ರ ಕಾಕ್ರೇನ್ ಪರಾಮರ್ಶೆಗೆ ದೊರೆತದ್ದು ಕೇವಲ ಎರಡು ಪ್ರಯೋಗಗಳು, ಒಟ್ಟು 72 ರೋಗಿಗಳು. ಖಚಿತ ತೀರ್ಮಾನಕ್ಕೆ ಇಷ್ಟು ಸಾಲದೆಂದು ಅದು ಹೇಳಿತು. ಹೀಗಾಗಿ ಯೋಗವನ್ನು ಊರುಗೋಲೆಂದು ತಿಳಿಯಬೇಕೇ ಹೊರತು ಔಷಧಕ್ಕೂ ವ್ಯಾಯಾಮ ಚಿಕಿತ್ಸೆಗೂ ಬದಲಿಯೆಂದಲ್ಲ.

ವೈದ್ಯರ ಒಪ್ಪಿಗೆ ಪಡೆದ ಮೇಲೆಯೇ ಆರಂಭಿಸಬೇಕು. ಮೊದಲಿಗೆ ಗೋಡೆಗೆ ಒತ್ತಿ ಇರಿಸಿದ, ಅಲುಗಾಡದ ಕುರ್ಚಿಯಲ್ಲಿ ಬೆನ್ನು ನೇರವಾಗಿಸಿ ಕುಳಿತು ಸಹಜವಾಗಿ ಉಸಿರಾಡುವುದು, ಎರಡೂ ಪಾದಗಳನ್ನು ಸಮನಾಗಿ ಊರುವುದು. ಅನಂತರ ಕುರ್ಚಿಯಿಂದ ನಿಧಾನವಾಗಿ ಏಳುವುದು, ಕೂರುವುದು. ಅದು ಹಿಡಿತಕ್ಕೆ ಬಂದಮೇಲೆ ಗೋಡೆಯ ಆಸರೆಯಲ್ಲಿ ತಾಡಾಸನದಂತೆ ನಿಂತು, ಭಾರವನ್ನು ಸೋತ ಕಾಲಿಗೂ ಸ್ವಲ್ಪ ಸ್ವಲ್ಪವಾಗಿ ಹಂಚುವುದು. ಇಂತಹ ಪುನರಾವರ್ತನೆಯಿಂದಲೇ ಮಿದುಳು ಕಳೆದುಕೊಂಡ ಚಲನೆಗೆ ಹೊಸ ದಾರಿಗಳನ್ನು ರೂಢಿಸಿಕೊಳ್ಳುತ್ತದೆ. ನೆರವಿನವರು ಸೋತ ಮಗ್ಗುಲಿನಲ್ಲೇ ನಿಂತಿರಬೇಕು. ಆ ಕಡೆಯ ಕೈಯನ್ನು ಹಿಡಿದು ಎಳೆಯಬಾರದು, ಎಳೆದರೆ ಭುಜದ ಕೀಲಿಗೆ ಪೆಟ್ಟಾಗುತ್ತದೆ. ಉಸಿರು ಬಿಗಿಹಿಡಿಯುವ ಕುಂಭಕ, ತಲೆ ಕೆಳಗಾಗುವ ಆಸನಗಳು ಬೇಡ. ತಲೆ ಸುತ್ತಿದರೆ ಕೂಡಲೇ ನಿಲ್ಲಿಸಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 27ನೆಯ ಕಲಮು, ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಪುನರ್ವಸತಿ ಸೇವೆ ಒದಗಿಸುವ ಹೊಣೆಯನ್ನು ಸರ್ಕಾರದ ಮೇಲೂ ಸ್ಥಳೀಯ ಸಂಸ್ಥೆಗಳ ಮೇಲೂ ಹೊರಿಸಿದೆ. ಪ್ರತಿವರ್ಷ ಜೂನ್ 21ರಂದು ಮೈದಾನದಲ್ಲಿ ಚಾಪೆ ಹಾಸುವವರು ನೆಲದ ಮೇಲೆ ಕೂರಲಾರದವರಿಗಾಗಿ ನಾಲ್ಕು ಕುರ್ಚಿಗಳನ್ನೂ ಇರಿಸಿದರೆ ಆ ಹೊಣೆಯ ಒಂದಂಶವಾದರೂ ನೆರವೇರೀತು.

ಉಳಿದುದು ಮನೆಯವರ ಪಾಲಿನದು. ವೈದ್ಯರ ಸೂಚನೆ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇದ್ದರೆ, ಕನ್ನಡ ಶಾಲೆಯಲ್ಲಿ ಓದುವ ಮೊಮ್ಮಗಳು ಹಿರಿಯರ ನೆರವಿನಿಂದ ಅದನ್ನು ಅಜ್ಜಿಯ ಮಾತಿನಲ್ಲಿ ಬರೆದು ಗೋಡೆಗೆ ಅಂಟಿಸಬಹುದು. ದಿನವೂ ಓದಿಹೇಳಿ, ಎಷ್ಟು ಬಾರಿ ಎದ್ದುನಿಂತರೆಂದು ಎಣಿಸಬಹುದು. ನಿನ್ನೆ ಐದು ಬಾರಿ ಎದ್ದವರು ಇಂದು ಆರು ಬಾರಿ ಎದ್ದರೆ, ಆ ಮನೆಗೆ ಅದು ಸಣ್ಣ ಲಾಭವಲ್ಲ.